ನೀರಿಗೆ ಮೊದಲಿನ ಮೂರು ಮೆಟ್ಟಿಲುಗಳ ಮಾಲೀಕರಿಗೆ

ಮಾನ್ಯ ರೆಸಾರ್ಟ್ ಧಣಿಗಳೇ, ವಾಟರ್ ಪಾರ್ಕಿನ ಯಜಮಾನರೇ, ಕಡಲತೀರ ಅಭಿವೃದ್ಧಿಯ ಗುತ್ತಿಗೆದಾರರೇ,

ಮೊದಲಿಗೆ ಅಭಿನಂದನೆ. ಮಂಡಿ ಸವೆದ ಅಜ್ಜಿ, ಗಾಲಿಕುರ್ಚಿಯ ಯುವಕ, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಊರುಗೋಲು ಹಿಡಿದ ನಿವೃತ್ತ ಮೇಷ್ಟ್ರು, ಇವರೆಲ್ಲರನ್ನೂ ನೀವು ನೀರಿನಿಂದ ಕಾಪಾಡಿಕೊಂಡು ಬಂದಿದ್ದೀರಿ. ಅದಕ್ಕೆ ನಿಮಗೆ ಬೇಕಾದದ್ದು ಮೂರೇ ಮೆಟ್ಟಿಲು, ಒಂದಿಷ್ಟು ಮರಳು, ನುಣುಪಾದ ಟೈಲ್ಸು. ಬೇರೆ ಕಾವಲುಗಾರ ಬೇಕಾಗಿಲ್ಲ.

ಅವರನ್ನು ಖಾಲಿ ಕೂರಿಸಿದ್ದೀರೆಂದು ದೂರುವಂತೆಯೂ ಇಲ್ಲ. ಇಡೀ ಕುಟುಂಬದ ಚಪ್ಪಲಿ, ಮೊಬೈಲು, ಕಾರಿನ ಕೀಲಿ ಕಾಯುವ ಹುದ್ದೆ ಅವರಿಗೇ ಮೀಸಲು. "ಅಜ್ಜಿ, ಇಲ್ಲೇ ನೆರಳಲ್ಲಿ ಕೂತಿರಿ, ಒಂದು ಗಳಿಗೆ ಬಂದ್ಬಿಡ್ತೀವಿ" ಎಂದು ಓಡಿದವರು ಮರಳುವುದು ಊಟದ ಹೊತ್ತಿಗೆ. ಪ್ರವೇಶ ಶುಲ್ಕವನ್ನಂತೂ ಅಜ್ಜಿಯೂ ಕೊಟ್ಟಿರುತ್ತಾರೆ.

ನಿಮ್ಮ ಜಾಣ್ಮೆ ಇರುವುದು ಜಾಗದ ಆಯ್ಕೆಯಲ್ಲಿ. ಕಾಲು ಸೋತವರಿಗೆ ಭೂಮಿಯ ಮೇಲೆ ಹಗುರವಾಗುವ ಜಾಗ ಅಂತ ಇರುವುದೇ ನೀರು. ಸೊಂಟದವರೆಗೆ ಮುಳುಗಿದರೆ ಕಾಲಿನ ಮೇಲಿನ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ, ಕುತ್ತಿಗೆಯವರೆಗೆ ಇಳಿದರೆ ಹತ್ತರಲ್ಲೊಂದು ಪಾಲು ಉಳಿದರೆ ಹೆಚ್ಚು. ಬೆನ್ನುಹುರಿಯ ಹುಟ್ಟುದೋಷವಿದ್ದ ಬೆಂಗಳೂರಿನ ನಿರಂಜನ್ ಮುಕುಂದನ್ ಈಜುತ್ತಲೇ ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಬ್ರಿಟನ್ನಿನ ಕಲಾವಿದೆ ಸೂ ಆಸ್ಟಿನ್ 2012ರಲ್ಲಿ ಗಾಲಿಕುರ್ಚಿಗೇ ನೀರು ನೂಕುವ ಯಂತ್ರ ಕಟ್ಟಿಸಿಕೊಂಡು ಸಾಗರದಾಳದಲ್ಲಿ ಮೀನುಗಳ ನಡುವೆ ಸುತ್ತಾಡಿದರು. ಅಂಥವರು ನಿಮ್ಮ ಕೊಳದ ದಂಡೆಗೆ ಬಂದರೆ? ಹೆದರಬೇಡಿ, ಮೆಟ್ಟಿಲುಗಳಿವೆ.

ಹಂಪಿಯ ಪುಷ್ಕರಣಿಗಳಲ್ಲೂ ಮೆಟ್ಟಿಲಿದೆಯಲ್ಲ ಎಂದು ನೀವು ವಾದಿಸಬಹುದು. ಹಂಪಿಯವರನ್ನು ಬಿಟ್ಟುಬಿಡಿ. ಅವರು ಕಟ್ಟಿದಾಗ ಗಾಲಿಕುರ್ಚಿಯೂ ಇರಲಿಲ್ಲ, ಕಾಯಿದೆಯೂ ಇರಲಿಲ್ಲ. ನೀವು ಕಟ್ಟಿದ್ದು ಮೊನ್ನೆ.

ನಿಮ್ಮ ಸಿಬ್ಬಂದಿಯ ಸೌಜನ್ಯದ ಬಗ್ಗೆ ಎರಡು ಮಾತಿಲ್ಲ. "ಸಾರ್, ಏನೂ ಯೋಚನೆ ಮಾಡ್ಬೇಡಿ, ನಾವೇ ಎತ್ಕೊಂಡು ಹೋಗ್ತೀವಿ" ಎಂದು ನಾಲ್ಕು ಹುಡುಗರು ಧಾವಿಸುತ್ತಾರೆ. ಇಬ್ಬರು ಕಂಕುಳಿಗೆ, ಇಬ್ಬರು ಕಾಲಿಗೆ. ಐವತ್ತು ವರ್ಷದ ಬ್ಯಾಂಕ್ ಮ್ಯಾನೇಜರು ಅಕ್ಕಿಮೂಟೆಯಂತೆ ತೇಲುತ್ತಾ ಹೋಗುವುದನ್ನು ಉಳಿದ ಪ್ರವಾಸಿಗರು ಮೊಬೈಲಿನಲ್ಲಿ ಸೆರೆಹಿಡಿಯುತ್ತಾರೆ. ಹುಡುಗರ ಮನಸ್ಸು ಒಳ್ಳೆಯದೇ. ತರಬೇತಿ ಕೊಟ್ಟವರಿಲ್ಲ ಅಷ್ಟೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲಿನಲ್ಲಿ ಸ್ಪರ್ಶವೇ ಇಲ್ಲದಿರಬಹುದು. ಕಾದ ಕಬ್ಬಿಣದ ಕುರ್ಚಿ ಸುಟ್ಟರೂ, ಸಿಮೆಂಟ್ ಅಂಚು ತರಚಿದರೂ ಅವರಿಗೆ ಗೊತ್ತಾಗುವುದು ರಾತ್ರಿ ಕೋಣೆಯಲ್ಲಿ. ಆ ಗಾಯ ಮಾಯಲು ಕೆಲವೊಮ್ಮೆ ತಿಂಗಳುಗಳೇ ಬೇಕು.

ಈಗ ಗ್ರೀಸಿನವರ ಅಧಿಕಪ್ರಸಂಗ ನೋಡಿ. ಅಲ್ಲಿನ ಪತ್ರಾಸ್ ನಗರದವರು ಸೀಟ್ರ್ಯಾಕ್ ಎಂಬ ಸಾಧನ ಮಾಡಿದ್ದಾರೆ. ದಂಡೆಯಿಂದ ನೀರಿನೊಳಗೆ ಜೋಡಿ ಹಳಿ, ಅದರ ಮೇಲೊಂದು ಕುರ್ಚಿ, ಓಡಿಸಲು ಸೌರಶಕ್ತಿ. ಕೂತವರೇ ರಿಮೋಟ್ ಒತ್ತಿ ಕಡಲಿಗಿಳಿಯುತ್ತಾರೆ, ಈಜುತ್ತಾರೆ, ಹಿಂತಿರುಗಿ ಅದೇ ಕುರ್ಚಿಯಲ್ಲಿ ಮೇಲೆ ಬರುತ್ತಾರೆ. ನಾಲ್ಕು ಹುಡುಗರಿಗೆ ಕೆಲಸವೇ ಇಲ್ಲ. ಅಲ್ಲಿನ ನೂರಾರು ಕಡಲತೀರಗಳಲ್ಲಿ ಈ ಅನಾಹುತ ನಡೆಯುತ್ತಿದೆ.

ಅಮೆರಿಕದ ಕಥೆಯಲ್ಲಿ ನಿಮ್ಮವರೇ ಒಬ್ಬರಿದ್ದಾರೆ. ಟೆಕ್ಸಾಸಿನ ಗಾರ್ಡನ್ ಹಾರ್ಟ್‌ಮನ್ ಮನೆ ಕಟ್ಟಿ ಮಾರುವ ಉದ್ಯಮಿ. ರಜೆಗೆ ಹೋದಾಗ ಈಜುಕೊಳದಲ್ಲಿ ವಿಕಲಚೇತನ ಮಗಳು ಮಾರ್ಗನ್ ಬೇರೆ ಮಕ್ಕಳ ಆಟಕ್ಕೆ ಸೇರಹೋದಳು, ಆ ಮಕ್ಕಳು ಕೊಳದಿಂದಲೇ ಎದ್ದುಹೋದರು. ಹಾರ್ಟ್‌ಮನ್ ದಂಧೆ ಮಾರಿ, 2010ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಮಗಳ ಹೆಸರಿನ ಪಾರ್ಕ್ ತೆರೆದರು. 2017ರಲ್ಲಿ ಪಕ್ಕದಲ್ಲೇ ನೀರಿನ ಪಾರ್ಕು. ಬ್ಯಾಟರಿ ಕುರ್ಚಿ ನೆನೆದರೆ ಕೆಡುತ್ತದಲ್ಲ, ಅದಕ್ಕೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರೊಡನೆ ಸೇರಿ ಒತ್ತಡದ ಗಾಳಿಯಿಂದ ಓಡುವ ಗಾಲಿಕುರ್ಚಿ ರೂಪಿಸಿದರು. ವಿಕಲಚೇತನರಿಗೆ ಟಿಕೆಟ್ ಇಲ್ಲ. ವ್ಯಾಪಾರ ಹೀಗೂ ಮಾಡುತ್ತಾರೆ!

ಅಲ್ಲಿನ ಹೋಟೆಲಿನವರೆಲ್ಲ ಹಾಗೆಂದುಕೊಳ್ಳಬೇಡಿ. ಈಜುಕೊಳಕ್ಕೆ ಕುರ್ಚಿ ಇಳಿಸುವ ಲಿಫ್ಟ್ ಅಥವಾ ಇಳಿಜಾರು ಬೇಕೆಂದು ಸರ್ಕಾರ ಹೇಳಿದಾಗ ಅವರೂ ಗಲಾಟೆಯೆಬ್ಬಿಸಿದರು, ಗಡುವು 2012ರ ಮಾರ್ಚ್‌ನಿಂದ 2013ರ ಜನವರಿ 31ಕ್ಕೆ ಹೋಯಿತು. ಆಮೇಲೆ ಲಿಫ್ಟ್ ಬಂತು. ಹೋಟೆಲುಗಳು ಈಗಲೂ ನಡೆಯುತ್ತಿವೆ.

ನಮ್ಮಲ್ಲಿ ಚೆನ್ನೈ ಒಂದು ಪ್ರಯತ್ನ ಮಾಡಿತು. 2022ರ ನವೆಂಬರ್ 27ರಂದು ಮರೀನಾದಲ್ಲಿ 263 ಮೀಟರ್ ಉದ್ದದ ಮರದ ಹಾದಿ ತೆರೆದುಕೊಂಡಿತು, ವೆಚ್ಚ 1.14 ಕೋಟಿ ರೂಪಾಯಿ. ಮರಳಿನಲ್ಲಿ ಹೂತು ನಿಲ್ಲುತ್ತಿದ್ದ ಗಾಲಿಕುರ್ಚಿಗಳು ಅಲೆಗಳ ಹತ್ತಿರ ಹೋದವು. ಎರಡು ವಾರದೊಳಗೆ ಮಾಂಡೂಸ್ ಚಂಡಮಾರುತ ಅದರ ಒಂದು ಭಾಗ ಕಿತ್ತಿತು. ಆದರೂ ಪಾಲಿಕೆ ರಿಪೇರಿ ಮಾಡಿಸಿತು. ನಿಮ್ಮಲ್ಲಾಗಿದ್ದರೆ "ನೋಡಿ, ನಾವು ಮೊದಲೇ ಹೇಳಿರಲಿಲ್ಲವೇ" ಎಂದು ಫೈಲು ಮುಚ್ಚುತ್ತಿದ್ದಿರಿ.

ಕರ್ನಾಟಕದ ಪಡುಬಿದ್ರಿ, ಕಾಸರಕೋಡುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಕಡಲತೀರ ಮಾನ್ಯತೆಯ ಬಾವುಟ ಬಂತು. ಆ ಬಾವುಟದ 33 ಮಾನದಂಡಗಳಲ್ಲಿ ವಿಕಲಚೇತನರ ಪ್ರವೇಶ, ಸೌಲಭ್ಯವೂ ಒಂದು. ಅಂದರೆ ಕರಾವಳಿಯಲ್ಲಿ ಇದು ಆಗದ ಮಾತೇನಲ್ಲ. ಉಳಿದ ತೀರಗಳಿಗೆ ಬಾವುಟದ ಬಯಕೆ ಇದೆ, ಹಾದಿಯದ್ದಿಲ್ಲ.

ಕಾಯಿದೆಯ ಸುದ್ದಿ ನಿಮಗೆ ಬೇಸರ ತರಿಸೀತು, ಆದರೂ ಬೇಗ ಮುಗಿಸಿಬಿಡೋಣ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಮನರಂಜನೆಗೆಂದು ಜನ ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಹಳೆಯ ಕಟ್ಟಡ ಸರಿಪಡಿಸಲು ಕೊಟ್ಟದ್ದು ಐದು ವರ್ಷ. ಲೆಕ್ಕ ನೀವೇ ಹಾಕಿಕೊಳ್ಳಿ. ಸುಗಮ ಪ್ರವೇಶದ ಮಾನದಂಡಗಳು ಬರೀ ಶಿಫಾರಸಾಗಿ ಉಳಿಯುವಂತಿಲ್ಲ, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಬೇಕಿರುವುದು ರಾಕೆಟ್ ವಿದ್ಯೆಯಲ್ಲ. ಮರಳಿನ ಮೇಲೆ ಹಾಸಿ ಸುತ್ತಿಡಬಹುದಾದ ಚಾಪೆ, ಬಲೂನಿನಂಥ ದಪ್ಪ ಟೈರಿನ ಕುರ್ಚಿ, ಹನ್ನೆರಡು ಅಡಿಗೆ ಒಂದಡಿ ಏರುವ ಇಳಿಜಾರು, ಹಿಡಿಯಲು ಕಂಬಿ, ಬಟ್ಟೆ ಬದಲಿಸಲು 90 ಸೆಂ.ಮೀ. ಬಾಗಿಲಿನ ಕೋಣೆ. ಬಾಗಿಲನ್ನು ಮರೆಯಬೇಡಿ. ನೀರಿಗಿಳಿದವರು ಒದ್ದೆ ಬಟ್ಟೆಯಲ್ಲೇ ಊರಿಗೆ ಹೋಗಲಾಗದು. ಹರಿಗೋಲು ನಡೆಸುವವರಿಗೂ ಒಂದು ಬಿನ್ನಹ: ಒಳಗೆ ಕೂತ ಮೇಲೆ ಕಾಲಿಗೆ ಕೆಲಸವಿಲ್ಲ, ಕಷ್ಟವಿರುವುದು ಅಂಚು ದಾಟುವಾಗ. ಅಲ್ಲೊಂದು ಗಟ್ಟಿ ಹಲಗೆ ಇಟ್ಟರೆ ಸಾಕು.

ಇನ್ನು ಈ ಪತ್ರವನ್ನು ಇಣುಕಿ ಓದುತ್ತಿರುವ ಪ್ರವಾಸಿಗರಿಗೆ: ಮುಂದಿನ ರಜೆಗೆ ರೂಮು ಕಾದಿರಿಸುವಾಗ ಬೆಳಗಿನ ತಿಂಡಿ ಸೇರಿದೆಯೇ ಎಂದು ಕೇಳುವ ಮೊದಲು, ಪಾರ್ಕಿಂಗ್‌ನಿಂದ ನೀರಿನವರೆಗೆ ಎಷ್ಟು ಮೆಟ್ಟಿಲಿದೆ ಎಂದು ಕೇಳಿ. "ಬನ್ನಿ ಸಾರ್, ಅಡ್ಜಸ್ಟ್ ಮಾಡೋಣ" ಎಂಬ ಉತ್ತರ ಬಂದರೆ ಫೋನಿಟ್ಟು ಬೇರೆ ಕಡೆ ವಿಚಾರಿಸಿ.