ಡ್ರಾಮಾ ಮೇಷ್ಟ್ರ ಸೀಜನ್ನು

ಶೇಂಗಾ ಕಿತ್ತು ಕಣಕ್ಕೆ ಹಾಕಿದ ಮೇಲೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಳ್ಳಿಗಳಿಗೆ ಇಬ್ಬರು ತಪ್ಪದೆ ಬರುತ್ತಾರೆ. ಒಬ್ಬ ಕಾಯಿ ಕೊಳ್ಳುವ ದಲ್ಲಾಳಿ, ಇನ್ನೊಬ್ಬರು ಡ್ರಾಮಾ ಮೇಷ್ಟ್ರು. ದಲ್ಲಾಳಿ ಕಾಯಿ ಒಡೆದು, ಬೀಜ ಬಾಯಿಗೆ ಹಾಕಿಕೊಂಡು ಬೆಳೆಯ ಅಂದಾಜು ಮಾಡಿದರೆ, ಮೇಷ್ಟ್ರು ರೈತನ ಮುಖ ನೋಡಿಯೇ ಮಾಡಿಬಿಡುತ್ತಾರೆ. ನಗು ಕಿವಿಯವರೆಗೆ ಹೋಗಿದ್ದರೆ ದುರ್ಯೋಧನ. ತುಟಿಯಲ್ಲೇ ನಿಂತಿದ್ದರೆ ಶಲ್ಯ. ನಗುವೇ ಇಲ್ಲದಿದ್ದರೆ, "ಈ ಸಲ ವಿದುರನ ಪಾರ್ಟು ಹಿಡಿಯಪ್ಪ, ಖರ್ಚು ಕಮ್ಮಿ."

ಮೊಪೆಡ್ಡಿನ ಹಿಂದೆ ಕುರಿ ಉಣ್ಣೆಯ ಕಂಬಳಿ ಸುತ್ತಿದ ಹಾರ್ಮೋನಿಯಂ, ಜೇಬಿನಲ್ಲಿ ನಶ್ಯದ ಡಬ್ಬಿ, ಬಗಲಿನ ಚೀಲದಲ್ಲಿ ಮೂಲೆ ಸವೆದ ನಾಟಕದ ನೋಟ್‌ಬುಕ್ಕು. ಗುಡಿಯ ಕಟ್ಟೆಯ ಮೇಲೆ ಕೂತರೆಂದರೆ ಊರಿನ ಗಂಡಸರೆಲ್ಲ ಸುತ್ತ ಸೇರುತ್ತಾರೆ.

"ಈ ಸಲ ಯಾವ್ಯಾವ ನಾಟಕ ಮೇಷ್ಟ್ರೆ?"

"ಸಂಕ್ರಾಂತಿ ಮುಗೀಲಿ, ಮೊದಲು ಕುರುಕ್ಷೇತ್ರ. ನಾಯಕನಹಟ್ಟಿ ತೇರಿನ ಹಿಂದೊಂದು ಮುಂದೊಂದು ಕುರುಕ್ಷೇತ್ರ. ಜನಕ್ಕೂ ಬೇಜಾರಾಗ್ತದೆ ನೋಡು, ಬದಲಾವಣೆ ಇರ್ಲಿ ಅಂತ ಯುಗಾದಿಗೆ ರಕ್ತರಾತ್ರಿ."

"ಆಮೇಲೆ?"

"ಆಮೇಲೆ ಕುರುಕ್ಷೇತ್ರ."

ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ಅಶ್ವತ್ಥಾಮ ಉಪಪಾಂಡವರನ್ನು ಕೊಂದ ರಾತ್ರಿಯ ಕಥೆ. ಅಂದರೆ ಮೇಷ್ಟ್ರ ಬದಲಾವಣೆ ಯುದ್ಧಭೂಮಿಯಿಂದ ಹೊರಟು, ಯುದ್ಧ ಮುಗಿದ ರಾತ್ರಿಯವರೆಗೆ ಹೋಗಿ ನಿಂತಿರುತ್ತದೆ.

ಹೊಸದೇನಾದರೂ ಕಲಿಸಬಾರದೇ ಎಂದು ಓದಿದ ಹುಡುಗನೊಬ್ಬ ಕೇಳಿದರೆ ಮೇಷ್ಟ್ರಿಗೆ ಸಿಟ್ಟು ಬರುವುದಿಲ್ಲ, ಕನಿಕರ ಬರುತ್ತದೆ. ಇದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರದವರು 1997ರಿಂದ ವರ್ಷವರ್ಷವೂ ಹೊಸ ನಾಟಕ ಕಟ್ಟಿಕೊಂಡು ರಾಜ್ಯವೆಲ್ಲ ಸುತ್ತುವುದು ಅವರಿಗೆ ಗೊತ್ತು. ಒಮ್ಮೆ ನೋಡಿಯೂ ಬಂದಿದ್ದಾರೆ. "ಚೆನ್ನಾಗಿ ಮಾಡ್ತಾರಪ್ಪ, ಬೈಯೋ ಹಂಗಿಲ್ಲ. ಆದ್ರೆ ಎರಡು ಗಂಟೇಲಿ ಮುಗಿಸಿಬಿಡ್ತಾರೆ. ನಮ್ಮ ಕೃಷ್ಣ ಆ ಹೊತ್ತಿಗೆ ಇನ್ನೂ ಕಿರೀಟ ಕಟ್ಟಿಸ್ಕೊಳ್ತಿರ್ತಾನೆ."

ಪಟ್ಟಣದಲ್ಲಿ ನೋಡುವವನು ದುಡ್ಡು ಕೊಟ್ಟು ಒಳಗೆ ಹೋಗುತ್ತಾನೆ, ಆಡುವವನಿಗೆ ಸಂಬಳ. ಇಲ್ಲಿ ದುಡ್ಡು ಕೊಡುವವನು ಆಡುವವನೇ. ಸೀನರಿ, ಡ್ರೆಸ್ಸು, ಮೈಕು, ತಬಲಾ, ಬಳ್ಳಾರಿ ಕಡೆಯಿಂದ ಕರೆಸುವ ಪಾತ್ರಧಾರಿಣಿಯರು, ಎಲ್ಲದರ ಖರ್ಚು ಪಾರ್ಟಿನ ಮೇಲೆ ಬೀಳುತ್ತದೆ. ನೋಡುವವನಿಗೆ ಪುಕ್ಕಟೆ, ಹಾಗಾಗಿ ನಿದ್ದೆ ಮಾಡುವ ಹಕ್ಕೂ ಅವನಿಗುಂಟು. ಮೊಳಕಾಲ್ಮುರು ರೇಷ್ಮೆ ಸೀರೆಗೆ ದೇಶದಲ್ಲೆಲ್ಲ ಹೆಸರಿದ್ದರೂ ನಮ್ಮ ದ್ರೌಪದಿ ಮಾತ್ರ ಸೂರತ್ತಿನ ನೈಲಾನಿನಲ್ಲೇ ಶಪಥ ಮಾಡುವುದು ಈ ಲೆಕ್ಕಾಚಾರದಿಂದಲೇ.

ದುರ್ಯೋಧನನ ಪಾರ್ಟಿಗೆ ಯಾವಾಗಲೂ ಪೈಪೋಟಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನಲ್ಲಿ ಮುಕ್ತಿ ಬಾವುಟವನ್ನು ಲಕ್ಷಗಟ್ಟಲೆಗೆ ಹರಾಜು ಕೂಗುವುದನ್ನು ಕಂಡ ಜನ ಇವರು. ಹಸ್ತಿನಾವತಿಯ ಸಿಂಹಾಸನಕ್ಕೂ ಕೂಗುತ್ತಾರೆ. ಇಬ್ಬರೂ ಪಟ್ಟು ಬಿಡದಿದ್ದರೆ, ಇಬ್ಬರ ಹಿಂದೆಯೂ ಒಂದೊಂದು ಪಾರ್ಟಿ ಇದ್ದರೆ, ಮೇಷ್ಟ್ರು ನಶ್ಯ ಏರಿಸಿ ತೀರ್ಪು ಕೊಡುತ್ತಾರೆ: ವೈಶಂಪಾಯನ ಸರೋವರದಲ್ಲಿ ಮುಳುಗುವ ದುರ್ಯೋಧನ ಒಬ್ಬ, ಏಳುವವನು ಇನ್ನೊಬ್ಬ. ನೀರೊಳಗೆ ಏನಾಯಿತೆಂದು ಇಂದಿನವರೆಗೆ ಯಾರೂ ಕೇಳಿಲ್ಲ. ಎರಡು ಕಡೆಯ ದುಡ್ಡೂ ಮುಂಗಡ ಬಂದಿರುತ್ತದೆ.

ನೀರಿನ ಮಾತು ಬಂತು. ರಾಜ್ಯದಲ್ಲೇ ತೀರ ಕಮ್ಮಿ ಮಳೆಯ ಸೀಮೆ ನಮ್ಮದು. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಅದರ ಕಾರಣ ಮೇಷ್ಟ್ರನ್ನು ಕೇಳಬೇಕು. "ವಿರಾಟಪರ್ವ ಓದಿದ್ರೇ ಮಳೆ ಬರ್ತದೆ ಅಂತೀರಿ. ನಾನು ಆ ವರ್ಷ ಕುರುಕ್ಷೇತ್ರಾನೇ ಎಷ್ಟು ಊರಲ್ಲಿ ಆಡ್ಸಿದ್ದೆ! ಡ್ಯಾಮು ತುಂಬದೆ ಇನ್ನೇನಾಗ್ತದೆ?" ಬರಗಾಲದ ವರ್ಷಗಳಲ್ಲೂ ಆಡಿಸಿದ್ದರಲ್ಲ ಎಂದರೆ, ಆಗ ಕೃಷ್ಣನ ಶ್ರುತಿ ಸರಿಯಿರಲಿಲ್ಲವಂತೆ.

ಅವರ ನಿಜವಾದ ಕಸುಬು ಕಾಣುವುದು ಪಾರ್ಟು ಹಂಚುವಾಗ. ಒಂದು ಊರಲ್ಲಿ ಬಡ್ಡಿ ಸಾಹುಕಾರನಿಗೆ ದುರ್ಯೋಧನನ ಪಾರ್ಟು ಕೊಟ್ಟರು. ಅವನಲ್ಲಿ ಸಾಲ ಮಾಡಿದವನೊಬ್ಬ, ವರ್ಷವಿಡೀ ಅವನೆದುರು ತಲೆಯೆತ್ತದವನು, ಕುರಿ ಮಾರಿ ಭೀಮನ ಪಾರ್ಟು ಹಿಡಿದ. ಮನೆಯಲ್ಲಿ ತೆಲುಗಾಡುವ ಭೀಮ. ಮಹಾಪ್ರಾಣ ಒಂದೂ ಏಳುವುದಿಲ್ಲ. ತನ್ನ ಹೆಸರನ್ನೇ "ಬೀಮ" ಎನ್ನುತ್ತಿದ್ದ. ಮೇಷ್ಟ್ರು ತಿಂಗಳುಗಟ್ಟಲೆ ತಿದ್ದಿದರು, ಆಗಲಿಲ್ಲ. ಆದರೆ "ಎಲವೋ ದುರ್ಯೋಧನಾ!" ಎಂಬ ಒಂದು ಮಾತು ಮಾತ್ರ ಮೊದಲ ರಾತ್ರಿಯ ತಾಲೀಮಿನಿಂದಲೇ ಧಕಾರದ ಸಮೇತ ಗುಡಿಯ ಗೋಪುರಕ್ಕೆ ಬಡಿಯಿತು. ಮೇಷ್ಟ್ರು ಕರಿಮನೆಯ ಮೇಲಿನ ಬೆರಳೆತ್ತದೆ ಕಣ್ಣು ಮುಚ್ಚಿದರು. "ಸಾಲದ ಕೋಪ ಸುಮ್ನೆ ವೇಸ್ಟ್ ಆಗಬಾರದಪ್ಪ, ಮಾತಿಗೆ ಬರ್ಲಿ." ಗದೆ ಮಾತ್ರ ರಟ್ಟಿನದೇ ಇರಬೇಕೆಂದು ಹಟ ಹಿಡಿದು, ಆಟದ ದಿನ ಎರಡು ಸಲ ಒತ್ತಿ ನೋಡಿದರು.

ಆಟದ ರಾತ್ರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕಂಡವರೇ ಎಲ್ಲ. ಕರಪತ್ರದಲ್ಲಿ ಕೃಷ್ಣನಿಗಿಂತ ಮುಖಂಡರ ಫೋಟೋ ದೊಡ್ಡದು. ಅವರ ಭಾಷಣ ಮುಗಿಯುವಷ್ಟರಲ್ಲಿ ಮಕ್ಕಳಿಗೆ ಒಂದು ನಿದ್ದೆ ಆಗಿರುತ್ತದೆ. ಪದಕ್ಕೆ ಒನ್ಸ್ ಮೋರ್. ಪದ ಮುಗಿದರೆ ಮುಯ್ಯಿ. ಸಂಧಾನಕ್ಕೆ ಬಂದ ಕೃಷ್ಣ ಐದು ಗ್ರಾಮ ಕೇಳುವ ಮುಂಚೆ ಸೋದರಮಾವ ಓದಿಸಿದ ಐನೂರ ಒಂದು ರೂಪಾಯಿಗೆ ಕೈ ಮುಗಿದು ನಿಲ್ಲಬೇಕು. ರಾಯದುರ್ಗದ ಕಡೆಯ ನೆಂಟರು ಬಂದಿದ್ದರಂತೂ ರಾಗ ಆಂಧ್ರಕ್ಕೆ ಹೋಗಿ ಬರುತ್ತದೆ. ಇಷ್ಟಾಗುವಾಗ ಹಾಲಿನ ವ್ಯಾನು ಬಂದಿರುತ್ತದೆ, ಯುದ್ಧ ಇನ್ನೂ ಶುರುವಾಗಿರುವುದಿಲ್ಲ. ಸೀನರಿಯವರಿಗೆ ಮುಂದಿನ ಊರಿನ ಅವಸರ. ಮೇಷ್ಟ್ರು ಕೂತಲ್ಲಿಂದಲೇ ಕಣ್ಸನ್ನೆ ಮಾಡುತ್ತಾರೆ: ಗೀತೋಪದೇಶ ಎರಡು ಮಾತು, ಕರ್ಣ ಅಲ್ಲೇ ಸಾಯಲಿ, ನೇರ ಗದಾಯುದ್ಧ. ಹದಿನೆಂಟು ದಿನದ ಯುದ್ಧ ಹತ್ತು ನಿಮಿಷಕ್ಕೆ ಮುಗಿದು, ಬಿಸಿಲಿನಲ್ಲಿ ಮಂಗಳಾರತಿ.

ಬೆಳಿಗ್ಗೆ ಬಣ್ಣ ತೊಳೆದ ರಾಜಾಧಿರಾಜರೆಲ್ಲ ಒಬ್ಬೊಬ್ಬರೇ ಹೊಲದ ದಾರಿ ಹಿಡಿಯುವಾಗ ಮೇಷ್ಟ್ರು ತಡೆದು ನಿಲ್ಲಿಸುತ್ತಾರೆ. "'ಮಾಡಿದಷ್ಟು ನೀಡು ಭಿಕ್ಷೆ' ಅಂದಿದಾರೆ ತಿಪ್ಪೇಸ್ವಾಮಿ. ನಾನು ಮಾಡಿದ್ದಾತು, ಇನ್ನು ನೀವು ನೀಡ್ರಪ್ಪ." ಕಾಯಿ ಮಾರಿದ ಕೂಡಲೇ ಕೊಡ್ತೀವಿ ಮೇಷ್ಟ್ರೆ ಎನ್ನುತ್ತಾರೆ.

ಈ ಸಲವೂ ಸಂಕ್ರಾಂತಿ ಕಳೆದ ಮೇಲೆ ಶುರು. ಬನ್ನಿ, ಟಿಕೆಟ್ಟಿಲ್ಲ, ಚಾಪೆ, ಕಂಬಳಿ ನೀವೇ ತನ್ನಿ. ಮುಯ್ಯಿ ಓದಿಸುವ ಮನಸ್ಸಿದ್ದರೆ ದುರ್ಯೋಧನನ ಹೆಸರಿಗೆ ಬೇಡ, ಮೇಷ್ಟ್ರ ಹೆಸರಿಗೆ ಓದಿಸಿ. ಹೋದ ವರ್ಷದ ದುರ್ಯೋಧನರಿಬ್ಬರೂ ಅವರ ಬಾಕಿಯನ್ನು ಇನ್ನೂ ಕೊಟ್ಟಿಲ್ಲ. ಮುಳುಗಿದವನು ಎದ್ದವನನ್ನು ಕೇಳಿ ಎನ್ನುತ್ತಾನೆ, ಎದ್ದವನು ಮುಳುಗಿದವನನ್ನು.