ತುದಿಯ ಎಲೆಯವರು

ಪಠ್ಯಪುಸ್ತಕದ ಸಿಲಿಂಡರಿಗೆ ತುದಿಯೇ ಇಲ್ಲ. ‘ಅನಂತ ಉದ್ದದ ಸಿಲಿಂಡರ್ ಇದೆ ಎಂದಿಟ್ಟುಕೊಳ್ಳಿ’ ಎನ್ನುತ್ತಾರೆ ಮೇಷ್ಟ್ರು. ನಾವೂ ಇಟ್ಟುಕೊಳ್ಳುತ್ತೇವೆ, ಎಲ್ಲಿ ಇಟ್ಟುಕೊಳ್ಳುವುದೆಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ವಿಂಡ್ ಟನಲ್‌ನವರ ಪಾಲಿಗೆ. ಐದು ವ್ಯಾಸ ಉದ್ದದ ತುಂಡನ್ನು ಗಾಳಿಗೆ ಒಡ್ಡಿ ನೋಡಿ: ಬರಿದಾದ ತುದಿಗಳನ್ನು ಬಳಸಿಕೊಂಡು ಗಾಳಿ ಬೆನ್ನ ಹಿಂದೆ ನುಸುಳಿ, ಅಲ್ಲಿನ ಒತ್ತಡದ ಕೊರತೆಯನ್ನು ತುಂಬಿಬಿಡುತ್ತದೆ. 1.2 ಇರಬೇಕಾದ ಎಳೆತದ ಗುಣಾಂಕ 0.74ರ ಸುಮಾರಿಗೆ ಇಳಿಯುತ್ತದೆ. ಗೋಡೆಯಿಂದ ಗೋಡೆಗೆ ಕೂರಿಸಿದರೋ, ಗೋಡೆಗಂಟಿದ ಗಾಳಿ ಮಹಾ ಸೋಮಾರಿ.

ಸಲಕರಣೆಯ ಮೇಲಿನ ಅನುಮಾನ ಹಳೆಯದು. 1911ರ ಸುಮಾರಿಗೆ ಗಾಟಿಂಗೆನ್‌ನಲ್ಲಿ ಹರಿವಿನ ವಿಜ್ಞಾನಿ ಪ್ರಾಂಟ್ಲರ ಶಿಷ್ಯ ಹೀಮೆಂಟ್ಸ್ ನೀರಿನ ಕಾಲುವೆಯಲ್ಲಿ ಸಿಲಿಂಡರ್ ಇಟ್ಟು ಒತ್ತಡ ಅಳೆಯಲು ಹೊರಟ. ಹರಿವು ನಿಲ್ಲದೆ ತೂಗಾಡಿತು. ಸಿಲಿಂಡರ್ ದುಂಡಗಿಲ್ಲವೆಂದರು, ಉಜ್ಜಿದ; ಕಾಲುವೆ ಸರಿಯಿಲ್ಲವೆಂದರು, ತಿದ್ದಿದ. ತೂಗಾಟ ಮಾತ್ರ ಹಾಗೇ. ತೂಗಾಡುವುದೇ ಹರಿವಿನ ಸ್ವಭಾವವೆಂದು ಲೆಕ್ಕ ಹಾಕಿ ತೋರಿಸಿದವರು ಅಲ್ಲೇ ಇದ್ದ ಕಾರ್ಮನ್. ಸಿಲಿಂಡರಿನ ಹಿಂದೆ ಆಚೀಚೆ ಕಳಚುವ ಸುಳಿಗಳ ಸಾಲಿಗೆ ಅವರ ಹೆಸರೇ ನಿಂತಿತು, ಉಜ್ಜಿದವನದಲ್ಲ.

ಮುಂದೆ ಕತೆ ತಿರುಗುಮುರುಗಾಯಿತು. 1959ರಲ್ಲಿ ಟ್ರಿಟನ್ ಅಳೆದ, ವೇಗದೊಡನೆ ಏರುವ ಸುಳಿಗಳ ಆವರ್ತನದ ಗೆರೆ ನಡುವೆ ಪಟ್ಟನೆ ಮುರಿದಿತ್ತು. ಇದು ಹರಿವಿನ ಗುಣವೋ, ಗಾಳಿ ಸುರಂಗದ ದೋಷವೋ? ಮೂವತ್ತು ವರ್ಷ ಜಗ್ಗಾಟ. 1989ರಲ್ಲಿ ವಿಲಿಯಂಸನ್ ಬೆರಳು ತೋರಿಸಿದ್ದು ತುದಿಗಳ ಕಡೆಗೆ. ಅಲ್ಲಿ ಸುಳಿಗಳು ತುಸು ನಿಧಾನವಾಗಿ ಕಳಚಿಕೊಳ್ಳುತ್ತವೆ. ಆ ತಡ ಒಳಗೊಳಗೇ ಹಬ್ಬಿ, ಕೊನೆಗೆ ಸಿಲಿಂಡರಿನ ಉದ್ದಕ್ಕೂ ಸುಳಿಗಳು ಓರೆಯಾಗುತ್ತವೆ. ಮದುವೆಮನೆಯ ಪಂಕ್ತಿಯಲ್ಲಿ ತುದಿಯ ಎಲೆಯ ಹಿರಿಯರು ಮಜ್ಜಿಗೆಗೆ ಇನ್ನಷ್ಟು ಅನ್ನ ಬಡಿಸಿಕೊಂಡರೆ ಉಳಿದವರೆಲ್ಲ ಕೈ ಒಣಗಿಸಿಕೊಂಡು ಕೂರುವುದಿಲ್ಲವೇ, ಹಾಗೆ. ಉದ್ದ ನೂರು ವ್ಯಾಸ ಮೀರಿದರೂ ಬಿಡುಗಡೆಯಿಲ್ಲ. ಆವರ್ತನವನ್ನು ಓರೆಯ ಕೋನದ ಕೊಸೈನಿನಿಂದ ಭಾಗಿಸಿದಾಗ ಚದುರಿದ ಅಂಕಿಗಳೆಲ್ಲ ತೆಪ್ಪಗೆ ಒಂದೇ ಗೆರೆಗೆ ಬಂದವು. ಇಷ್ಟು ಸಣ್ಣ ಭಾಗಾಕಾರಕ್ಕೆ ಮೂವತ್ತು ವರ್ಷ ಬೇಕಾಯಿತೇ ಎಂದು ಈಗ ಕೇಳುವುದು ಸುಲಭ.

ಮದ್ದು ಅಗ್ಗದ್ದೇ: ತುದಿಗಳಿಗೆ ಎರಡು ತಟ್ಟೆ. 1974ರಲ್ಲಿ ಸ್ಟ್ಯಾನ್ಸ್‌ಬಿ ಅದರ ಅಳತೆಯನ್ನೂ ಕೊಟ್ಟರು, ಎಂಟು ವ್ಯಾಸ ಉದ್ದ, ಏಳು ವ್ಯಾಸ ಅಗಲ. ವಿಲಿಯಂಸನ್ ತಟ್ಟೆಗಳ ಮುಂದಿನ ಅಂಚನ್ನು ಒಳಕ್ಕೆ ಕೊಂಚ ವಾಲಿಸಿದರು, ಸುಳಿಗಳು ಸಿಲಿಂಡರಿಗೆ ಸಮಾನಾಂತರವಾಗಿ ನಿಂತವು. ತಟ್ಟೆ ಚಿಕ್ಕದಾದರೆ ಗಾಳಿ ಅಂಚು ಬಳಸಿ ಒಳನುಗ್ಗುತ್ತದೆ. ದೊಡ್ಡದು ಮಾಡೋಣವೆಂದರೆ, ಗೋಡೆಯ ಸೋಮಾರಿ ಗಾಳಿಯನ್ನು ದೂರವಿಡಲು ತಂದ ತಟ್ಟೆಯ ಮೈಮೇಲೇ ಇನ್ನೊಂದು ಸೋಮಾರಿ ಪದರ ಬೆಳೆದು ಕೂರುತ್ತದೆ.