ಬೀರುವಿನೊಳಗಿನ ಜೋಡಿ

ನಮ್ಮ ಹಾಡು ಹೊರಬಿದ್ದ ದಿನದಿಂದ ಎಲ್ಲರೂ ಕೇಳುತ್ತಿರುವುದು ಒಂದೇ: "ಯಾವ ಸಿನಿಮಾದ್ದು?" ಸಿನಿಮಾದ್ದಲ್ಲ ಎಂದರೆ, "ಹಾಗಾದ್ರೆ ಸೀರಿಯಲ್ಲಾ?" ಅದೂ ಅಲ್ಲವೆಂದರೆ ಮುಖದಲ್ಲಿ ಒಂದು ಬಗೆಯ ಮರುಕ. "ಓ, ಭಾವಗೀತೆ!" ಭಾವಗೀತೆಯೂ ಅಲ್ಲ ಮಹರಾಯ್ತಿ, ಇಂಡೀ ಪಾಪ್. ನಾನು ಮತ್ತು ನನ್ನ ಓರಗಿತ್ತಿ, ಇಬ್ಬರೇ ಬರೆದು, ಇಬ್ಬರೇ ಹಾಡಿ, ಯಾವ ಕಂಪನಿಯ ಹಂಗೂ ಇಲ್ಲದೆ ಒಂದೇ ಒಂದು ಹಾಡನ್ನು ಲೋಕದ ಮೇಲೆ ಬಿಟ್ಟಿದ್ದೇವೆ. ಲೋಕ ಇನ್ನೂ ತಡೆದುಕೊಂಡಿದೆ.

ಇಬ್ಬರ ವಯಸ್ಸು ಕೂಡಿಸಿದರೆ ನೂರು ದಾಟುತ್ತದೆ. ಅಕ್ಕ (ಓರಗಿತ್ತಿಯನ್ನು ನಾನು ಕರೆಯುವುದು ಹಾಗೆ) ಜೂನಿಯರ್ ಪರೀಕ್ಷೆ ಪಾಸು ಮಾಡಿದವರು. ನಾನು ಗಣೇಶನ ಪೆಂಡಾಲಿನಾಚೆ ಹಾಡಿದವಳಲ್ಲ. ಪ್ರೊಡ್ಯೂಸರು ಅಕ್ಕನ ಮಗಳು. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ, ಆದ್ದರಿಂದ ಪಾಠವೊಂದನ್ನು ಬಿಟ್ಟು ಮಿಕ್ಕದ್ದಕ್ಕೆಲ್ಲ ಅವಳಿಗೆ ಬಿಡುವಿದೆ. "ಸ್ಟುಡಿಯೋ ಎಲ್ಲ ಯಾಕೆ ಚಿಕ್ಕಮ್ಮ? ಬಿಲ್ಲಿ ಐಲಿಶ್ ಮನೇಲೇ ಮಾಡಿದ್ದು" ಎಂದು ಕತೆ ಹೇಳಿದಳು. ಲಾಸ್ ಏಂಜಲಿಸ್‌ನ ಹೈಲ್ಯಾಂಡ್ ಪಾರ್ಕಿನಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲೇ ಅಣ್ಣ ತಂಗಿ ಕೂತು 2019ರ ಆಲ್ಬಮ್ ಮಾಡಿ, ಮರುವರ್ಷ ಗ್ರ್ಯಾಮಿಗಳನ್ನು ಬಾಚಿಕೊಂಡರಂತೆ. ಅಕ್ಕ ಕೇಳಿದ್ದು ಇಷ್ಟೇ: "ಹಾಸಿಗೆ ಸುತ್ತಿಟ್ಟಿದ್ರಾ?"

ಮೈಸೂರಿನವರಿಗೆ ಇದನ್ನೆಲ್ಲ ಅಮೆರಿಕದಿಂದ ಕಲಿಯುವ ದರ್ದಿಲ್ಲ. 1935ರಲ್ಲೇ ಎಂ.ವಿ. ಗೋಪಾಲಸ್ವಾಮಿ ಅವರು ಇಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದಿದ್ದರು. 'ಆಕಾಶವಾಣಿ' ಎಂಬ ಹೆಸರು ದಿಲ್ಲಿಗೆ ಹೋದದ್ದು ಆ ಮನೆಯಿಂದ. ಅವರ ಕಸುಬು ಮನಶ್ಶಾಸ್ತ್ರದ ಮೇಷ್ಟರಗಿರಿ. ನಮ್ಮ ಮನೆಗೆ ಅವರು ಬೇಕಾಗಿದ್ದದ್ದು ಅದಕ್ಕೆ.

ಏಕೆಂದರೆ ನಮ್ಮದು ಮಾತು ಬಿಟ್ಟ ಮನೆ. ಕೆಳಗೆ ಭಾವನವರ ಸಂಸಾರ, ಮೇಲೆ ನಮ್ಮದು, ನಡುವೆ ಮಾವನವರು ಬಿಟ್ಟುಹೋದ ಮೂವತ್ತು-ನಲವತ್ತರ ಒಂದು ಸೈಟು. ಆ ಸೈಟಿನಲ್ಲಿ ಪಾರ್ಥೇನಿಯಂ ಆಳುದ್ದ ಬೆಳೆದಿದೆ, ಕೇಸು ಅದಕ್ಕಿಂತ ಎತ್ತರ ಬೆಳೆದಿದೆ. ಇದೇ ಊರಿನ ಅಣ್ಣತಮ್ಮಂದಿರಾದ ರಾಜನ್-ನಾಗೇಂದ್ರ 1952ರ 'ಸೌಭಾಗ್ಯಲಕ್ಷ್ಮಿ'ಯಿಂದ ಮೊದಲುಗೊಂಡು ದಶಕಗಟ್ಟಲೆ ಒಟ್ಟಿಗೆ ಕೂತು ರಾಗ ಹಾಕಿದರು. ನಮ್ಮ ಅಣ್ಣತಮ್ಮಂದಿರಿಗೆ ಸಂಪಿನ ಮೋಟಾರಿಗೆ ಎರಡು ಸ್ವಿಚ್ಚು ಬೇಕಾಯಿತು. ಮಾತು ಬಿಟ್ಟ ವರ್ಷವೇ ಮನೆಯೊಳಗಿನ ಮರದ ಮೆಟ್ಟಿಲನ್ನು ಕಿತ್ತುಹಾಕಿದರು. ಮೇಲೆ ಅದು ಬಂದು ಸೇರುತ್ತಿದ್ದ ಜಾಗಕ್ಕೆ ಹಲಗೆ ಹೊಡೆಸಿ, ಹಲಗೆಯ ಮೇಲೆ ಒಂದು ಗೋಡೆ ಬೀರು ಕಟ್ಟಿಸಿದರು. ಆಳವಾದ ಬೀರು. ಮೆಟ್ಟಿಲಿನ ಗಾತ್ರ ಗೊತ್ತಲ್ಲ.

ಆ ಹಲಗೆಯ ಸಂದಿನಿಂದಲೇ ಹಾಡು ಹುಟ್ಟಿದ್ದು. ನಾನು ಮೇಲೆ ಸೀರೆಗಳಿಗೆ ನುಸಿಗುಳಿಗೆ ಹಾಕುತ್ತಿದ್ದೆ. ಕೆಳಗೆ ಅಕ್ಕ ದೇವರ ಸಾಮಾನು ಉಜ್ಜುತ್ತ ಏನೋ ಗುನುಗುತ್ತಿದ್ದರು. ಅವರು ನಿಲ್ಲಿಸಿದ ಕಡೆ ನಾನು ಮುಂದಿನ ಸಾಲು ಗುನುಗಿದೆ. ಕೆಳಗಿನಿಂದ ಉತ್ತರ ಬಂತು. ಒಂದು ವಾರ ಕಳೆಯುವಷ್ಟರಲ್ಲಿ ಪಲ್ಲವಿ, ಚರಣ, ಮಗಳ ಬಾಯಲ್ಲಿ ವರ್ಸು, ಕೋರಸ್ಸು ಎಲ್ಲ ಆಯಿತು. ವಸ್ತು ಮೆಟ್ಟಿಲು. ಇನ್ನೇನಿರುತ್ತದೆ?

ರೆಕಾರ್ಡಿಂಗಿಗೆ ಯಾರದೋ ಕೈಕಾಲು ಹಿಡಿದು ಕಂಡೆನ್ಸರ್ ಮೈಕು ತಂದೆವು. 48 ವೋಲ್ಟಿನ ಕರೆಂಟು ಕುಡಿದು ಕೂರುವ ಅದಕ್ಕೆ ಅತಿ ಚುರುಕಾದ ಕಿವಿ. ಕಸದ ಗಾಡಿಯವರ ಸೀಟಿ, ತರಕಾರಿ ಗಾಡಿಯ ಮೈಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ದನಿಯಲ್ಲಿ ಕೂಗುವ ಈರುಳ್ಳಿ, ಎರಡು ಸ್ವಿಚ್ಚಿನ ಮೋಟಾರು, ನಮ್ಮ ಹಾಡೊಂದನ್ನು ಬಿಟ್ಟು ಎಲ್ಲವೂ ಸ್ಫುಟವಾಗಿ ದಾಖಲಾಯಿತು. "ಬಟ್ಟೆ ಸುತ್ತ ಇರ್ಬೇಕು, ಆಗ ಎಕೋ ಹೀರುತ್ತೆ. ಬೀರು ಒಳಗೆ ಹೋಗಿ" ಎಂದಳು ಮಗಳು. ರೇಷ್ಮೆ ಸೀರೆ ಸಾಲದಂತೆ, ತೆಳುವಂತೆ. ಕಾಂಚೀಪುರಕ್ಕೆ ಇಂಥ ಅವಮಾನವನ್ನು ಯಾರೂ ಮಾಡಿರಲಿಲ್ಲ. ರಜಾಯಿಗಳನ್ನು ತೂಗುಹಾಕಿ, ನಡುವೆ ಮೈಕನ್ನು ಹ್ಯಾಂಗರಿಗೆ ಕಟ್ಟಿ, 'ಪ' 'ಬ'ಗಳ ಗಾಳಿ ಬಡಿಯದಂತೆ ಕಸೂತಿ ರಿಂಗಿಗೆ ಹಳೆಯ ವಾಯಿಲ್ ಸೀರೆಯ ತುಂಡು ಬಿಗಿದು, ಇಬ್ಬರೂ ಒಳಗೆ ಹೊಕ್ಕೆವು, ಭರಣಿಯಲ್ಲಿ ಮಾವಿನಹೋಳು ಕೂತಂತೆ. ಅಕ್ಕನ ಗಾಜಿನ ಬಳೆ ಸದ್ದು ಮಾಡುತ್ತಿತ್ತು. ತೆಗೆಯಲು ಅವರು ಸುತರಾಂ ಒಪ್ಪಲಿಲ್ಲ. ಕೊನೆಗೆ ಭಾವನವರ ಕಾಲುಚೀಲಗಳನ್ನು ಮೊಳಕೈವರೆಗೆ ಏರಿಸಿಕೊಂಡರು.

ಲ್ಯಾಪ್‌ಟಾಪಿನ ಫ್ಯಾನೂ ಕೇಳಿಸುತ್ತದೆಂದು ಮಗಳು ಅದನ್ನು ಹೊತ್ತು ಬಾಲ್ಕನಿಗೆ ಹೋದಳು. ವೈರು ಬಾಗಿಲ ಸಂದಿನಲ್ಲಿ. ಅವಳ ಕಿವಿಗೆ ಹೊರಗಿನ ಲೋಕವನ್ನು ಪೂರ್ತಿ ಮುಚ್ಚುವ ಹೆಡ್‌ಫೋನು. ಹೋಗುವ ಮೊದಲು ಅಪ್ಪಣೆ ಕೊಟ್ಟಳು: "ಏನೇ ಆದ್ರೂ ನಿಲ್ಲಿಸ್ಬೇಡಿ. ತಪ್ಪಾದ್ರೆ ಆಮೇಲೆ ಕಟ್ ಮಾಡ್ತೀನಿ." ನಿಮಿಷಕ್ಕೆ 92ರ ಲೆಕ್ಕದಲ್ಲಿ ಕಿವಿಯಲ್ಲಿ ಟಿಕ್ ಟಿಕ್ ಶುರುವಾಯಿತು. ಮೊದಲ ಚರಣ ಹೂವೆತ್ತಿದ ಹಾಗೆ ಮುಗಿಯಿತು. ಎರಡನೆಯದಕ್ಕೆ ಉಸಿರೆಳೆದುಕೊಂಡಾಗ ಕೋಣೆಯಲ್ಲಿ ಹೆಜ್ಜೆ ಸಪ್ಪಳ.

"ಈ ಮನೇಲಿ ಒಬ್ರಿಗಾದ್ರೂ ಬೀರು ಬಾಗಿಲು ಹಾಕೋ ಅಭ್ಯಾಸ ಇದ್ಯಾ?"

ಅತ್ತೆ. ಬಾಗಿಲು ಧಡ್ ಎಂದಿತು. ಚಿಲಕ ಬಿತ್ತು.

ನಾವು ನಿಲ್ಲಿಸಲಿಲ್ಲ. ಅಪ್ಪಣೆಯೆಂದರೆ ಅಪ್ಪಣೆ. ಕತ್ತಲೆಯಲ್ಲಿ, ನುಸಿಗುಳಿಗೆಯ ಘಾಟಿನಲ್ಲಿ, ಕಣ್ಣಲ್ಲಿ ನೀರು ಸುರಿಸುತ್ತ ಎರಡನೆಯ ಚರಣವನ್ನು ಕೊನೆಯವರೆಗೂ ಹಾಡಿದೆವು. ಕೇಳಿದವರೆಲ್ಲ ಆ ಚರಣದಲ್ಲಿ ವಿಶೇಷವಾದ ಆರ್ದ್ರತೆ ಇದೆ ಎನ್ನುತ್ತಾರೆ. ಮುಗಿದ ಮೇಲೆ ಅಕ್ಕ ಸಭ್ಯವಾಗಿ ಕರೆದರು: "ಅತ್ತೇ." ಉತ್ತರವಿಲ್ಲ. ಮಧ್ಯಾಹ್ನದ ಹೊತ್ತು ಅತ್ತೆ ಕಿವಿಯ ಮೆಷಿನ್ನು ತೆಗೆದಿಟ್ಟಿರುತ್ತಾರೆ. ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಮೊರ ತುಂಬ ಅವರೆಕಾಯಿ ತಂದಿದ್ದರು. ಬೀರುವಿನ ಎದುರಿಗಿನ ಮಂಚದ ಮೇಲೆ ಕೂತು ಸುಲಿಯತೊಡಗಿದರು. ಒಂದೊಂದು ಕಾಯಿಯ ಚಟ್ ಎಂಬ ಸದ್ದೂ ನಮಗೆ ಕೇಳುತ್ತಿತ್ತು. ನಮ್ಮ ಯಾವ ಸದ್ದೂ ಅವರಿಗೆ ಕೇಳುತ್ತಿರಲಿಲ್ಲ. ಮೂವತ್ತು ವರ್ಷಗಳ ನಮ್ಮ ಸಂಬಂಧವೇ ಅಷ್ಟು, ಹೊಸತೇನಲ್ಲ ಎಂದು ಅಕ್ಕ ಪಿಸುಗುಟ್ಟಿದರು.

ನಾನು ಬಾಗಿಲು ಗುದ್ದಿದೆ. ಮಂಚ ಅಲುಗಿರಬೇಕು. "ಪಕ್ಕದ್ಮನೆಯೋರು ಭಾನುವಾರನೂ ಗೋಡೆ ಒಡೆಯೋದು ಬಿಡಲ್ಲ" ಎಂದರು ಅತ್ತೆ. ಅವರೆಕಾಯಿ ಚಟ್. ಬಾಲ್ಕನಿಯಲ್ಲಿದ್ದ ನಮ್ಮ ಪ್ರೊಡ್ಯೂಸರಿಗೆ ಇದೆಲ್ಲ ಸ್ಟೀರಿಯೋದಲ್ಲಿ ಕೇಳುತ್ತಿತ್ತು. ನಾವು ಅಭಿನಯಿಸುತ್ತಿದ್ದೇವೆಂದು ಅವಳು ತಿಳಿದಳಂತೆ. ಇಂಡೀ ಹಾಡುಗಳಲ್ಲಿ ಹಾಗೆಲ್ಲ ಇರುತ್ತದಂತೆ.

ಆಗ ಅಕ್ಕನಿಗೆ ಕಾಲಡಿಯ ಹಲಗೆ ನೆನಪಾಯಿತು. ಕೆಳಗೆ ಭಾವನವರಿರುತ್ತಾರೆ, ತಟ್ಟಿದರೆ ಬಂದಾರು. ಕಾಲುಚೀಲ ಹಾಕಿದ ಕೈಯಿಂದಲೇ ಟಕ್ ಟಕ್ ಎಂದು ತಟ್ಟಿದರು. ಕೆಳಗೆ ಮೌನ. ಮತ್ತೆ ತಟ್ಟಿದರು. ತಮ್ಮನ ಮನೆಯಿಂದ ಬಂದ ಸದ್ದಿಗೆ ಓಗೊಡುವುದು ಭಾವನವರ ತತ್ತ್ವಕ್ಕೆ ವಿರುದ್ಧ. ಆದರೆ ಸಹಿಸುವುದೂ ತತ್ತ್ವಕ್ಕೆ ವಿರುದ್ಧ. ಜೇಡರಬಲೆ ತೆಗೆಯುವ ಕೋಲಿನಿಂದ ಕೆಳಗಿನಿಂದ ಒಂದು ತಿವಿದರು. ಧಬ್! ಅಂಗಾಲಿಗೇ ಬಡಿದಂತಾಯಿತು. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರಿಗೆ ಆ ಧಬ್ ಕೇಳಿಸಿತು. ಹೆಂಡತಿ ಕೂಗಿದ್ದು ಕೇಳಿಸಿರಲಿಲ್ಲ, ಅಣ್ಣ ತಿವಿದದ್ದು ಗೋಡೆಯಾಚೆಯಿಂದಲೂ ಕೇಳಿಸಿತು. ಹಿಮ್ಮಡಿ ಎತ್ತಿ ನೆಲಕ್ಕೆ ಎರಡು ಕುಕ್ಕಿದರು. ಧಬ್ ಧಬ್! ಕೆಳಗಿನಿಂದ ಮೂರು. ಮೇಲಿನಿಂದ ನಾಲ್ಕು. ನಡುವೆ ನಾವಿಬ್ಬರು, ನಮ್ಮ ನಡುವೆ ಮೈಕು. ಎಷ್ಟೋ ವರ್ಷಗಳ ಮೇಲೆ ಅಣ್ಣತಮ್ಮಂದಿರು ಅಷ್ಟು ಹೊತ್ತು ಒಂದೇ ವಿಷಯ ಮಾತಾಡಿದ್ದು ಆವತ್ತೇ.

ಆ ಗಲಾಟೆ ತಣ್ಣಗಾದಾಗ ಅಕ್ಕ ಇದ್ದಕ್ಕಿದ್ದಂತೆ ಹೇಳಿದರು: "ನೀನು ಮದ್ವೆಯಾಗಿ ಬಂದ ಹೊಸದ್ರಲ್ಲಿ ಇಲ್ಲೇ, ಈ ಮೇಲಿನ ಮೆಟ್ಟಿಲ ಮೇಲೇ ಕೂತು ಅಳ್ತಿದ್ದೆ. ನಾನು ಕಾಫಿ ತಂದ್ಕೊಡ್ತಿದ್ದೆ. ಈಗ ಒಂದು ಲೋಟ ಕಾಫಿ ತರ್ಬೇಕು ಅಂದ್ರೆ ಬೀದಿಗಿಳಿದು ಹತ್ತಬೇಕು, ಅಷ್ಟರಲ್ಲಿ ಆರೋಗುತ್ತೆ." ಗಂಡಸರಿಗೆ ಸೈಟಿನ ನಾಲ್ಕು ಮೂಲೆಯ ಅಳತೆ ಗೊತ್ತು. ಕಿತ್ತ ಮೆಟ್ಟಿಲಿನ ಮೇಲೆ ಯಾರು ಕೂರುತ್ತಿದ್ದರು ಎಂದು ಇಬ್ಬರಲ್ಲಿ ಒಬ್ಬರಾದರೂ ಕೇಳಲಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಮಾತೂ ರೆಕಾರ್ಡ್ ಆಗಿದೆ. ಅದನ್ನು ಹಾಡಿಗೆ ಹಾಕಿದರೆ ಕೈಕಾಲು ಮುರಿಯುತ್ತೇನೆಂದು ಅಕ್ಕ ಮಗಳಿಗೆ ಹೇಳಿದ್ದಾರೆ.

ಅವರೆಕಾಯಿ ಮುಗಿದ ಮೇಲೆ ನಮ್ಮ ಬಿಡುಗಡೆಯಾಯಿತು. ಹಾಡಿನ ಬಿಡುಗಡೆಗೆ ಇನ್ನೂ ಬಹಳವಿತ್ತು. ಮಿಕ್ಸಿಂಗಿನ ಬಗ್ಗೆ ನಾನು ಹೇಳುವುದು ಕಡಿಮೆ, ಅರ್ಥವಾದದ್ದು ಅದಕ್ಕಿಂತ ಕಡಿಮೆ. ನನ್ನ ಶ್ರುತಿಯನ್ನು ಅಲ್ಲಲ್ಲಿ 'ಸ್ವಲ್ಪ' ಎತ್ತಿದಳಂತೆ. ಎಷ್ಟು ಜೋರಾಗಿ ಕಳಿಸಿದರೂ ಸ್ಪಾಟಿಫೈಯವರು ಮೈನಸ್ 14 ಲಫ್ಸ್ ಎಂಬ ಮಟ್ಟಕ್ಕೆ ಇಳಿಸುತ್ತಾರಂತೆ. ಜೋರು ಮಾತಿನವರನ್ನು ಹೀಗೆ ಇಳಿಸುವ ಯಂತ್ರ ಮನೆಗಳಿಗೂ ಸಿಗುತ್ತದೆಯೇ ಎಂದು ವಿಚಾರಿಸಿದೆ. ಅಣ್ಣತಮ್ಮಂದಿರ ಧಬಧಬವನ್ನು ಅವಳು ಕತ್ತರಿಸಿ, ತಾಳಕ್ಕೆ ಕೂರಿಸಿ, ಇಡೀ ಹಾಡಿಗೆ ಬೀಟ್ ಮಾಡಿದಳು. ಅತ್ತೆಯ ಬೈಗುಳವನ್ನು ಎರಡನೆಯ ಚರಣದ ಮುಂದೆ ಹಾಗೇ ಉಳಿಸಿದಳು.

ಆಮೇಲೆ ಹಾಡಿನ ಬಿಡುಗಡೆಗೆ ಫಾರಂ ತುಂಬುವ ಕೆಲಸ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಮೂರು ನಿಮಿಷದೊಳಗೆ ಹಾಡು ಮುಗಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗುತ್ತಿದ್ದರು. ಮುದ್ರಿಕೆ ಜರ್ಮನಿಗೆ ಹೋಗಿ ತಟ್ಟೆಯಾಗುವಾಗ ಯಾರದೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ. ಕೊನೆಗಾಲದಲ್ಲಿ ಆಕೆ ಬಂದು ಸೇರಿದ್ದು ನಮ್ಮ ಮೈಸೂರಿನ ಅರಮನೆಯ ಆಶ್ರಯಕ್ಕೆ, 1930ರಲ್ಲಿ ತೀರಿಕೊಂಡದ್ದೂ ಇಲ್ಲೇ. ಈಗ ಹೆಸರು ಕೂಗಬೇಕಿಲ್ಲ. ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಕೊಡುತ್ತಾರೆ, ಲೋಕದ ಯಾವ ಮೂಲೆಯಲ್ಲಿ ಹಾಡು ಮೊಳಗಿದರೂ ಅದು ನಮ್ಮದೆಂದು ಗೊತ್ತಾಗುತ್ತದಂತೆ. ನಮ್ಮದು ಸದ್ಯಕ್ಕೆ ಸರಸ್ವತಿಪುರಂ ದಾಟಿಲ್ಲ.

ಫಾರಮ್ಮಿನ ಕೊನೆಗೆ ಹಂಚಿಕೆಯ ಪುಟ. ಬಂದ ದುಡ್ಡಿನಲ್ಲಿ ಯಾರಿಗೆ ಎಷ್ಟು? "ಅರ್ಧ ಅರ್ಧ" ಎಂದರು ಅಕ್ಕ. "ಸರಿ" ಎಂದೆ. ಮುಗಿಯಿತು. ವಕೀಲರಿಲ್ಲ, ಸರ್ವೆಯರಿಲ್ಲ, ಸ್ಟಾಂಪ್ ಪೇಪರಿಲ್ಲ. ಮಗಳು ನಮ್ಮಿಬ್ಬರನ್ನೂ ಒಂದು ಕ್ಷಣ ನೋಡಿದಳು, ಏನೂ ಹೇಳಲಿಲ್ಲ. ಅಷ್ಟರಲ್ಲಿ ಕಿವಿಯ ಮೆಷಿನ್ನು ಹಾಕಿಕೊಂಡಿದ್ದ ಅತ್ತೆ, "ನನ್ನ ಮಾತು ಹಾಕ್ಕೊಂಡಿದೀರಂತೆ. ನನ್ನ ಪಾಲೆಲ್ಲಿ?" ಎಂದರು. ಸಮವಾಗಿ ಮೂರು ಪಾಲು ಮಾಡಿದೆವು, ತಲಾ 33.33. ಫಾರಂ ಕೆಂಪಾಯಿತು. ಒಟ್ಟು 99.99, ಪೂರ್ತಿ ನೂರಾಗಲೇಬೇಕು. "ಆ ಉಳಿದದ್ದು ಹಿರಿಯರಿಗೆ" ಎಂದು ಅತ್ತೆ ಅಪ್ಪಣೆ ಕೊಡಿಸಿದರು. ಸೊನ್ನೆ ಬಿಂದು ಸೊನ್ನೆ ಒಂದು ಅವರ ಹೆಸರಿಗೆ ಹೋಯಿತು.

2015ರ ಜುಲೈಯಿಂದ ಲೋಕದಲ್ಲೆಲ್ಲ ಹೊಸ ಹಾಡು ಬರುವುದು ಶುಕ್ರವಾರ. ಗೌರಿ ವಾರವೂ ಹೌದು, ಅತ್ತೆಗೆ ಆಕ್ಷೇಪವಿರಲಿಲ್ಲ. ಬಿಡುಗಡೆಯಾದ ಮೇಲೆ ತಿಳಿಯಿತು: 30 ಸೆಕೆಂಡು ಕೇಳಿದರೆ ಮಾತ್ರ ಲೆಕ್ಕಕ್ಕೆ. ನಮ್ಮ ನಾದಿನಿ 20 ಸೆಕೆಂಡು ಕೇಳಿ ಹೃದಯದ ಚಿಹ್ನೆ ಕಳಿಸುವ ಜಾಯಮಾನದವಳು. ಮೇಲಾಗಿ 2024ರಿಂದ, ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈಯಲ್ಲಿ ಬಿಡಿಗಾಸಿಲ್ಲ. ನಾವಿನ್ನೂ ಸಾವಿರ ಮುಟ್ಟಿಲ್ಲ. ಅಂದರೆ ಮೂವರೂ ಸೇರಿ ಸದ್ಯಕ್ಕೆ ಹಂಚಿಕೊಂಡಿರುವುದು ಸೊನ್ನೆಯನ್ನು, ಅದರಲ್ಲಿ ಅತ್ತೆಯದು ತುಸು ಹೆಚ್ಚು.

ಈ ಸೊನ್ನೆಯ ಸುದ್ದಿ ಗಂಡಸರಿಗೆ ತಡವಾಗಿ ಮುಟ್ಟಿತು. ಹಾಡು ಕೇಳಿದ ನಮ್ಮವರು ಕನ್ನಡಕ ತೆಗೆದು, "ಆ ಧಬ್ ಧಬ್ ನಂದಲ್ವಾ?" ಎಂದರು. ಸಂಜೆಯೊಳಗೆ ಕೆಳಗಿನಿಂದ ಮಗಳ ಮೂಲಕ ತಕರಾರು ಬಂತು: ಮೊದಲು ತಿವಿದದ್ದು ತಾವು, ಆದ್ದರಿಂದ ತಾಳದ ಮೂಲ ಹಕ್ಕು ತಮ್ಮದು. ಕೋಲೇನೋ ಅಣ್ಣನದಿರಬಹುದು, ತಿವಿಸಿಕೊಂಡ ಹಲಗೆ ಮೇಲಿನ ಮನೆಯದು ಎಂದು ಇವರು. ಹಲಗೆ ಹಳೆಯ ಮೆಟ್ಟಿಲಿನ ಮರದ್ದು, ಆ ಮರ ಪಿತ್ರಾರ್ಜಿತ ಎಂದು ಅವರು. ಮಗಳು ಬೇಸತ್ತು ಐದು ಪಾಲು ಮಾಡಿ ತಲಾ ಇಪ್ಪತ್ತರಂತೆ ಹೊಸ ಹಂಚಿಕೆ ಬರೆದಳು. ಎಲ್ಲರಿಗೂ ಒಪ್ಪಿಗೆಯ ಇಮೇಲ್ ಹೋಯಿತು. ಅತ್ತೆ ತಮ್ಮ ಸೊನ್ನೆ ಬಿಂದು ಸೊನ್ನೆ ಒಂದು ಏನಾಯಿತೆಂದು ಕೇಳುತ್ತಿದ್ದಾರೆ. ಭಾವನವರು ಒಪ್ಪಿಗೆ ಒತ್ತಿದ್ದಾರೆ. ನಮ್ಮವರು ಇಮೇಲನ್ನು ಎರಡು ಸಲ ಓದಿ, ಪ್ರಿಂಟ್ ತೆಗೆಸಿ ಮಡಚಿ ಜೇಬಿಗಿಟ್ಟುಕೊಂಡರು.

"ವಕೀಲರನ್ನ ಕೇಳಿ ಹೇಳ್ತೀನಿ."